ಹಾಲಿನ ರೈಲಿಗೆ ಬೇಕಾದದ್ದು ರೈಲಲ್ಲ

ತಿಪಟೂರಿನ ಓದುಗರೊಬ್ಬರು ತಿರುಪತಿಗೆ ಹೋಗಿ ಬರುವಾಗ ರೇಣಿಗುಂಟದಲ್ಲಿ ಹಾಲಿನ ರೈಲು ಟ್ಯಾಂಕರ್‌ಗಳನ್ನು ನೋಡಿದರಂತೆ. ಪಕ್ಕದಲ್ಲಿ ಲಾರಿ, ಮಧ್ಯೆ ದಪ್ಪ ಪೈಪು. "ಇದರೊಳಗೆ ಹಾಲು ತುಂಬೋದು ಹೇಗೆ? ರೈಲಿರುವಾಗ ನಮ್ಮ ನಂದಿನಿಯವರು ಯಾಕೆ ಇನ್ನೂ ಲಾರಿ ನೆಚ್ಚಿಕೊಂಡಿದ್ದಾರೆ?" ಅಂತ ಕೇಳಿದ್ದಾರೆ. ನಂದಿನಿಯವರು ಹಳೇ ಕಾಲದವರು ಅಂತಲೂ ಬರೆದಿದ್ದಾರೆ.

ನಿಮ್ಮ ಎರಡು ಪ್ರಶ್ನೆಗೂ ಉತ್ತರ ಒಂದೇ ಕಡೆ ಇದೆ ಸ್ವಾಮಿ. ಟ್ಯಾಂಕರ್‌ನಲ್ಲಲ್ಲ, ಅದು ನಿಂತಿದ್ದ ಆ ಮೋಟು ಹಳಿಯಲ್ಲಿ, ಅಂದರೆ ಸೈಡಿಂಗ್‌ನಲ್ಲಿ.

ರೈಲಿನ ಟ್ಯಾಂಕರ್ ಒಂದಕ್ಕೆ 40,000 ಲೀಟರ್ ಹಿಡಿಯುತ್ತದೆ. ಬರೀ ಹಾಲಿನ ತೂಕವೇ 41 ಟನ್ ದಾಟುತ್ತದೆ. ಮೊದಲೆಲ್ಲ ಇವನ್ನು ಎಕ್ಸ್‌ಪ್ರೆಸ್ ರೈಲಿನ ಬಾಲಕ್ಕೆ ಕಟ್ಟಿ ದೆಹಲಿಗೆ ಕಳಿಸುತ್ತಿದ್ದರು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಆ ರೈಲುಗಳೇ ನಿಂತವು. ಹಸು ನಿಲ್ಲಿಸುತ್ತದಾ? ಹಾಗಾಗಿ 'ದೂಧ್ ದುರಂತೋ' ಅಂತ ಬರೀ ಹಾಲಿಗೇ ಒಂದು ರೈಲು ಬಿಟ್ಟರು. ಆರು ಟ್ಯಾಂಕರ್ ಅಂದರೆ 2,40,000 ಲೀಟರ್, ರೇಣಿಗುಂಟದಿಂದ ದೆಹಲಿಗೆ ದಾರಿ ಸುಮಾರು 2,300 ಕಿಲೋಮೀಟರ್.

ಈಗ ತುಂಬುವ ವಿಷಯ. ಟ್ಯಾಂಕಿನೊಳಗೆ ಫ್ರಿಜ್ ಇರುವುದಿಲ್ಲ. ಮೊದಲೇ 4 ಡಿಗ್ರಿಗೆ ತಣಿಸಿದ ಹಾಲನ್ನೇ ತುಂಬಬೇಕು, ಆಮೇಲೆ ದಾರಿಯುದ್ದ ತಂಪು ಕಾಯುವುದು ಎರಡು ಗೋಡೆಗಳ ಮಧ್ಯದ ಹೊದಿಕೆ. ಒಂದು ಟ್ಯಾಂಕರ್ ತುಂಬಲು ಲಾರಿಗಳು ಸಾಲಾಗಿ ಬರಬೇಕು, ಒಂದು ತಡವಾದರೂ ಉಳಿದ ಹಾಲು ಬಿಸಿಲಲ್ಲಿ ಕಾಯಬೇಕು. ಮೇಲಿಂದ ಸುಮ್ನೆ ಸುರಿದರೆ ನೊರೆ ಏಳುತ್ತದೆ. ಅರ್ಧ ತುಂಬಿ ಕಳಿಸಿದರೆ ದಾರಿಯಲ್ಲಿ ಕುಲುಕಿ ಕುಲುಕಿ ಬೆಣ್ಣೆಯ ಕಾಳು ಕಟ್ಟುತ್ತದೆ, ಮಜ್ಜಿಗೆ ಕಡೆದ ಹಾಗೆ. ಅದಕ್ಕೇ ಕಂಠಮಟ್ಟ ತುಂಬಬೇಕು. ಕೆನೆ ಮೇಲೆ ನಿಲ್ಲುವುದರಿಂದ ಚೆನ್ನಾಗಿ ಕಲಕಿಯೇ ಮಾದರಿ ತೆಗೆಯಬೇಕು, ಇಲ್ಲದಿದ್ದರೆ ಫ್ಯಾಟ್ ಲೆಕ್ಕ ತಪ್ಪುತ್ತದೆ, ದುಡ್ಡೂ ತಪ್ಪುತ್ತದೆ.

ಇನ್ನು ತೊಳೆಯುವುದು. ಇದನ್ನು ಯಾರೂ ಯೋಚಿಸುವುದಿಲ್ಲ. ಖಾಲಿಯಾದ ಟ್ಯಾಂಕರ್‌ಗೆ ನೀರು, ಕಾಸ್ಟಿಕ್ ಸೋಡಾ, ಬಿಸಿನೀರು, ಆಸಿಡ್, ಮತ್ತೆ ನೀರು. ಅಂದರೆ ಟ್ಯಾಂಕರ್ ತೊಳೆಯುವ ಕಡೆ ಧಾರಾಳ ನೀರು, ಬಾಯ್ಲರು, ಚರಂಡಿ ಎಲ್ಲ ಬೇಕು. ಹಳಿ ಮಟ್ಟವಾಗಿರಬೇಕು, ಓರೆಯಾದರೆ ಕೊನೆಯ ಹಾಲು ಒಂದು ಮೂಲೆಯಲ್ಲೇ ಉಳಿಯುತ್ತದೆ. ಇನ್ನೊಂದು: ಮುಚ್ಚಳ ಇರುವುದು ಟ್ಯಾಂಕಿನ ನೆತ್ತಿಯ ಮೇಲೆ. ನಮ್ಮ ರೈಲಿನ ತಂತಿಯಲ್ಲಿ 25,000 ವೋಲ್ಟ್ ಹರಿಯುತ್ತದೆ, ಅದರ ಕೆಳಗೆ ಯಾರು ಹತ್ತುತ್ತಾರೆ? ಕರೆಂಟ್ ತೆಗೆಸಬೇಕು, ಇಲ್ಲವೇ ತಂತಿಯೇ ಇಲ್ಲದ ಹಳಿ ಬೇಕು.

ಇದನ್ನೆಲ್ಲ ಅಚ್ಚುಕಟ್ಟಾಗಿ ಮಾಡಿದವರು ಬ್ರಿಟನ್ನಿನವರು. ಅಲ್ಲಿ 1927ರವರೆಗೆ ಹಾಲು ಕ್ಯಾನುಗಳಲ್ಲೇ ರೈಲು ಹತ್ತುತ್ತಿತ್ತು. ಆಮೇಲೆ ಒಳಗೆ ಗಾಜಿನ ಲೇಪ ಕೊಟ್ಟ 3,000 ಗ್ಯಾಲನ್ ಟ್ಯಾಂಕು ಬಂತು, ಅಂದರೆ ಸುಮಾರು 13,600 ಲೀಟರ್. ಟ್ಯಾಂಕು ಡೈರಿಯವರದ್ದು, ಕೆಳಗಿನ ಗಾಡಿ ರೈಲ್ವೆಯವರದ್ದು. ನೇಗಿಲು ಒಬ್ಬರದ್ದು ಎತ್ತು ಒಬ್ಬರದ್ದು ಅನ್ನುವ ಹಾಗೆ, ಆದರೂ ಬೇಸಾಯ ನಡೆಯಿತು! ಮೊದಲು ನಾಲ್ಕು ಚಕ್ರ ಹಾಕಿದ್ದರು, ಜೋರು ಓಟಕ್ಕೆ ಅದು ಸರಿಬರಲಿಲ್ಲ, ಆರು ಚಕ್ರ ಮಾಡಿದರು. ಆದರೆ ಅವರ ಜಾಣತನ ಇದ್ದದ್ದು ಚಕ್ರದಲ್ಲಲ್ಲ. ಹೆಮಿಯಾಕ್‌ನಂಥ ಸಣ್ಣ ಊರಲ್ಲಿ ಡೈರಿಯನ್ನು ಹಳಿಗೆ ಅಂಟಿಸಿಯೇ ಕಟ್ಟಿದ್ದರು, ಹಾಲು ಪೈಪಿನಲ್ಲಿ ನೇರ ಟ್ಯಾಂಕಿಗೆ. ಆ ಕಡೆ ಲಂಡನ್ನಿನ ವಾಕ್ಸ್‌ಹಾಲ್ ಸ್ಟೇಷನ್‌ನಲ್ಲಿ ಪ್ಲಾಟ್‌ಫಾರಂನಿಂದಲೇ ಪೈಪು ಇಳಿದು, ರಸ್ತೆಯ ಕೆಳಗೆ ಹಾದು, ಎದುರಿನ ಡೈರಿಗೆ ಹೋಗುತ್ತಿತ್ತು. ಮಧ್ಯೆ ಲಾರಿಯ ಮಾತೇ ಇಲ್ಲ.

ಹೆಮಿಯಾಕ್‌ಗೆ 1963ರಲ್ಲೇ ಜನರ ರೈಲು ನಿಂತಿತ್ತು. ಹಾಲಿಗೋಸ್ಕರ ಅಂತಲೇ ಆ ಹಳಿ 1975ರವರೆಗೆ ಉಳಿಯಿತು, ನನಗೆ ಈ ಕಥೆಯಲ್ಲಿ ಜಾಸ್ತಿ ಇಷ್ಟವಾದದ್ದು ಇದೇ. ಲಾರಿ ಟ್ಯಾಂಕರ್ ಕೊನೆಗೆ ಎಲ್ಲವನ್ನೂ ನುಂಗಿತು ಬಿಡಿ. 1980ರ ಹೊತ್ತಿಗೆ ಹಾಲಿನ ರೈಲು ಮುಗಿದೇ ಹೋಯಿತು.

ಈಗ ನಂದಿನಿ. ಮದ್ದೂರಿನ ಹತ್ತಿರದ ಗೆಜ್ಜಲಗೆರೆ ಡೈರಿಯಿಂದ ಬೆಂಗಳೂರಿಗೆ ಹಾಲು ಬರಬೇಕು ಅಂದುಕೊಳ್ಳಿ. ಲಾರಿ ನೇರ ರಸ್ತೆ ಹಿಡಿದರೆ ಒಂದೆರಡು ಗಂಟೆಯ ಹಾದಿ. ರೈಲಿನಲ್ಲಿ ತರುವುದಾದರೆ ಲಾರಿಗೆ ತುಂಬಿ ಸ್ಟೇಷನ್‌ಗೆ ಹೊಡೆಯಬೇಕು, ಅಲ್ಲಿ ರೈಲಿಗೆ ತುಂಬಬೇಕು, ಇಂಜಿನ್‌ಗೆ ಕಾಯಬೇಕು, ಬೆಂಗಳೂರಲ್ಲಿ ಮತ್ತೆ ಲಾರಿಗೆ ಇಳಿಸಬೇಕು. ತುಂಬಿಸಿ ಇಳಿಸುವ ಹೊತ್ತಿಗೆ ಆ ಲಾರಿ ಎರಡು ಟ್ರಿಪ್ ಹೊಡೆದಿರುತ್ತದೆ. ಪ್ರತಿ ಸಲ ಪೈಪು ಜೋಡಿಸಿದಾಗಲೂ ಹಾಲು ಕೆಡುವ ಒಂದು ದಾರಿ ತೆರೆಯುತ್ತದೆ, ಅದು ಬೇರೆ. ದೆಹಲಿಯಷ್ಟು ದೂರವಾದರೆ ಈ ತಾಪತ್ರಯ ಗಿಟ್ಟುತ್ತದೆ, ಮದ್ದೂರಿನಿಂದ ಗಿಟ್ಟುವುದಿಲ್ಲ.

ನಂದಿನಿಯವರು ಹಳೇ ಕಾಲದವರು ಅಂತ ನೀವು ಬರೆದಿದ್ದನ್ನು ಹಾಗಾಗಿ ನಾನು ಒಪ್ಪುವುದಿಲ್ಲ. ಮುಂದಿನ ಸಲ ರೇಣಿಗುಂಟಕ್ಕೆ ಹೋದಾಗ ಒಂದು ಕೆಲಸ ಮಾಡಿ. ಟ್ಯಾಂಕರ್ ನಿಂತ ಹಳಿಯ ಮೇಲೆ ತಂತಿ ಇದೆಯಾ ಅಂತ ನೋಡಿ ಬರೆಯಿರಿ.

— ಸಂ.