ಮಾಣಿಗೆ ಮದುವೆಗೆ ಕೂಸು (ಹುಡುಗಿ) ಸಿಗದಿದ್ರೆ ತಪ್ಪು ಯಾರದ್ದು?

ಪ್ರಶ್ನೆ: ಮೇಡಂ, ನಾನು ಬಿಎ ಮೊದಲ ವರ್ಷ, ಸಮಾಜಶಾಸ್ತ್ರ ತಗೊಂಡಿದೀನಿ. ಮನೆ ಶಿರಸಿ ಹತ್ರ, ಎರಡು ಎಕರೆ ಅಡಿಕೆ ತೋಟ. ಅಣ್ಣಂಗೆ 35 ಆಯ್ತು, ಐದು ವರ್ಷದಿಂದ ಹೆಣ್ಣು ಹುಡುಕ್ತಿದೀವಿ, ಜಾತಕ ಕೂಡಿದ್ರೂ ‘ಹುಡುಗ ಬೆಂಗಳೂರಲ್ಲಿ ಇದ್ದಿದ್ರೆ ನೋಡಬಹುದಿತ್ತು’ ಅಂತಾರೆ. ಆಯಿ (ಅಮ್ಮ) ಈಗಿನ ಹುಡುಗಿಯರಿಗೆ ಸೊಕ್ಕು ಅಂತಾಳೆ, ಅಣ್ಣ ತನ್ನಲ್ಲೇ ಏನೋ ಕೊರತೆ ಅಂದ್ಕೊಂಡು ಮದುವೆ ಮನೆಗೆ ಹೋಗೋದನ್ನೇ ಬಿಟ್ಟಿದಾನೆ. ನಾನು ಓದ್ತಿರೋದ್ರಲ್ಲಿ ಇದಕ್ಕೇನಾದ್ರೂ ಉತ್ತರ ಇದ್ಯಾ?
– ವಿದ್ಯಾರ್ಥಿನಿ, ಶಿರಸಿ ತಾಲೂಕು

ಉತ್ತರ: ಇದೆ ತಂಗಿ. ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1959ರಲ್ಲಿ ಒಂದು ಮಾತು ಹೇಳಿದ್ರು, ಒಂದು ಲಕ್ಷ ಜನರ ಊರಲ್ಲಿ ಒಬ್ಬನಿಗೆ ಮಾತ್ರ ಕೆಲಸ ಇಲ್ಲ ಅಂದ್ರೆ ಅದು ಅವನ ವೈಯಕ್ತಿಕ ತೊಂದರೆ, ಅವನ ಸ್ವಭಾವ ಕೌಶಲ ನೋಡೋಣ, ಆದ್ರೆ 5 ಕೋಟಿ ದುಡಿಯೋರಿರೋ ದೇಶದಲ್ಲಿ ಒಂದೂವರೆ ಕೋಟಿ ಜನಕ್ಕೆ ಕೆಲಸ ಇಲ್ಲ ಅಂದ್ರೆ ಒಬ್ಬೊಬ್ಬನ ಗುಣ ನೋಡಿ ಪ್ರಯೋಜನ ಇಲ್ಲ, ಅದು ಸಾರ್ವಜನಿಕ ಸಮಸ್ಯೆ ಅಂತ. ನಿನ್ನಣ್ಣನ ಹಾಗೆ ತೋಟ ನೋಡ್ಕೊಂಡು ಕೂತ ಮಾಣಿಗಳು ಸಿದ್ದಾಪುರ, ಯಲ್ಲಾಪುರದಲ್ಲೂ ಎಷ್ಟು ಜನ ಇಲ್ಲ ಹೇಳು. ಇದನ್ನ ಅವನಿಗೆ ಇವತ್ತೇ ಹೇಳು, ಕೊರತೆ ಅವನದ್ದಲ್ಲ.

ಇನ್ನು ಆಯಿ ಮಾತಿಗೆ ಬರ್ತೀನಿ. ನಿಮ್ಮ ಪಾಠದಲ್ಲಿ ಅಂತಸ್ತು ಮತ್ತು ಪಾತ್ರ ಅಂತ ಬರತ್ತಲ್ಲ, ಅಂತಸ್ತು ಅಂದ್ರೆ ಒಬ್ರಿಗೆ ಸಮಾಜದಲ್ಲಿರೋ ಸ್ಥಾನ, ಪಾತ್ರ ಅಂದ್ರೆ ಆ ಸ್ಥಾನದಲ್ಲಿರೋರು ಮಾಡ್ಬೇಕಾದ ಕೆಲಸ, ತೋಟದ ಮನೆ ಸೊಸೆಗೆ ಅದನ್ನ ಹಚ್ಚಿ ನೋಡು. ಪಾತ್ರ ಬೆಟ್ಟದಷ್ಟಿದೆ, ಕೊನೆಕೊಯ್ಲಿಗೆ ಬಂದ ಆಳುಗಳಿಗೆ ಚಾ ತಿಂಡಿ ಊಟ, ಕೊಟ್ಟಿಗೆ ಕೆಲಸ, ರಾತ್ರಿ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯೋದು, ಆದ್ರೆ ಪಹಣೀಲಿ ಅವಳ ಹೆಸರಿಲ್ಲ, ಅಡಿಕೆ ಮಾರಿದ ದುಡ್ಡು ಅವಳ ಖಾತೆಗೆ ಬರಲ್ಲ. ತವರಲ್ಲಾದ್ರೂ ಇದ್ಯಾ ಅಂದ್ರೆ, ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತೀಲಿ ಮಗಳಿಗೂ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ಮಾಡ್ತು, 2005ರಲ್ಲಿ ಇಡೀ ದೇಶಕ್ಕೆ ಬಂತು, ಆದ್ರೂ ಹಕ್ಕು ಬಿಟ್ಟಿದೀನಿ ಅಂತ ಮಗಳ ಹತ್ರ ಸೈನ್ ಹಾಕಿಸ್ಕೊಳ್ಳೋದು ಇನ್ನೂ ನಿಂತಿಲ್ಲ. ಎರಡೂ ಕಡೆ ಏನೂ ಇಲ್ಲದ ಹುಡುಗಿ ತನ್ನದೇ ಸಂಬಳ ಇರೋ ಊರಿಗೆ ಹೋಗ್ತೀನಿ ಅಂದ್ರೆ ಅದನ್ನ ಸೊಕ್ಕು ಅನ್ನೋಕೆ ನನ್ನ ಕೈಲಿ ಆಗಲ್ಲ.

ಜಾತಿಯೊಳಗೇ ಆಗ್ಬೇಕು ಅನ್ನೋ ಅಂತರ್ವಿವಾಹ, ಗೋತ್ರ ಬೇರೆ ಇರ್ಬೇಕು ಅನ್ನೋ ಬಹಿರ್ವಿವಾಹ, ಇವೆರಡೂ ಸೇರಿ ಹುಡುಕೋ ಜಾಗನ ಇನ್ನೂ ಚಿಕ್ಕದು ಮಾಡ್ತವೆ. ಈಗ ಕೆಲವರು ಹೊರರಾಜ್ಯದಿಂದ ಹೆಣ್ಣು ತರ್ತಿದಾರೆ, ಚೆನ್ನಾಗಿ ಬಾಳ್ತಿರೋರೂ ಇದಾರೆ, ಆದ್ರೆ ಭಾಷೆ ಬರದ, ತವರು ದೂರ ಇರೋ ಹುಡುಗೀನ ಅದೇ ಹಳೇ ಜಾಗದಲ್ಲಿ ಕೂರಿಸಿದ್ರೆ ಕಷ್ಟ ಅವಳ ತಲೆಗೆ ದಾಟತ್ತೆ ಅಷ್ಟೆ, ಆ ಹುಡುಗಿಯರ ಬಗ್ಗೆ ನಂಗೆ ನಿಜವಾಗ್ಲೂ ಚಿಂತೆ ಆಗತ್ತೆ.

ಆಯಿ ಹತ್ರ ಜಗಳ ಬೇಡ. ಒಂದಿನ ಅಡಿಕೆ ಸುಲೀತಾ ಕೂತಾಗ ಕೇಳು, ‘ಆಯಿ, ನನ್ನನ್ನ ತೋಟದ ಮನೆಗೆ ಕೊಡ್ತ್ಯಾ?’ ಅಂತ. ಅವಳು ಏನೆಲ್ಲ ಲೆಕ್ಕ ಹಾಕ್ತಾಳೋ ಅದನ್ನೆಲ್ಲ ಬರ್ಕೋ, ಅಣ್ಣನ ಜೊತೆ ಕೂತು ಅದ್ರಲ್ಲಿ ನಿಮ್ಮನೇಲಿ ಯಾವ್ದನ್ನ ಬದಲಾಯಿಸೋಕಾಗತ್ತೆ ನೋಡಿ, ಜಂಟಿ ಖಾತೆನೋ, ತೋಟದಲ್ಲಿ ಬರೋ ಹುಡುಗಿ ಹೆಸರಿಗೆ ಒಂದು ಪಾಲೋ, ಹೊರಗೆ ಕೆಲಸಕ್ಕೆ ಹೋಗೋ ಅವಕಾಶನೋ. ಹೆಣ್ಣು ನೋಡೋಕೆ ಹೋದಾಗ ಅಣ್ಣ ಅದನ್ನೇ ಮೊದ್ಲು ಹೇಳ್ಲಿ. ಮುಂದಿನ ಮದುವೆ ಮನೆಗೆ ಅವನನ್ನ ನೀನೇ ಕರ್ಕೊಂಡು ಹೋಗು.