ರಬ್ಬಿಗೆ ಕಂಪನಿ ಯಾಕೆ?

ಪ್ರಶ್ನೆ: ಅಮೆರಿಕದ ಒಬ್ಬ ರಬ್ಬಿಯ, ಅಂದರೆ ಯಹೂದಿ ಧರ್ಮಗುರುವಿನ ಬಗ್ಗೆ ಓದಿದೆ. ಸ್ವಂತ ಕಂಪನಿ ಇದೆ, ದತ್ತಿ ಸಂಸ್ಥೆ ನಡೆಸುತ್ತಾರೆ, ವಾಷಿಂಗ್ಟನ್‌ನಲ್ಲಿ ರಾಜಕಾರಣಿಗಳ ಬೆನ್ನೂ ಹತ್ತುತ್ತಾರೆ. ಧರ್ಮಗುರುವಿಗೆ ಇದೆಲ್ಲ ಯಾಕೆ ಸರ್?

ಉತ್ತರ: ರಬ್ಬಿಯನ್ನು ಪೂಜಾರಿ ಅಂದುಕೊಂಡರೆ ಹೀಗೇ ಅನ್ನಿಸುತ್ತದೆ. ಯಹೂದಿಗಳಲ್ಲಿ ಪುರೋಹಿತರ ವಂಶವೇ ಬೇರೆ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಕೆಡವಿದ ಮೇಲೆ ಆ ಪುರೋಹಿತರ ಮುಖ್ಯ ಕೆಲಸವೇ ನಿಂತುಹೋಯಿತು. ರಬ್ಬಿ ಧರ್ಮಶಾಸ್ತ್ರ ಓದಿಕೊಂಡವನು, ಅಷ್ಟೇ. ಹತ್ತು ಜನ ಸೇರಿದರೆ ಪ್ರಾರ್ಥನೆ ನಡೆಯುತ್ತದೆ, ರಬ್ಬಿ ಇರಲೇಬೇಕು ಅಂತಿಲ್ಲ. ಹಾಗಾಗಿ ಹೊಟ್ಟೆಪಾಡಿಗೆ ಬೇರೆ ಕಸುಬು ಹಿಡಿಯುವುದು ಅವರಲ್ಲಿ ಹಳೇ ರೂಢಿ. ತಾಲ್ಮುಡ್ ಎಂಬ ಯಹೂದಿ ಧರ್ಮಗ್ರಂಥದ ಕಾಲದ ಒಬ್ಬ ರಬ್ಬಿಯ ಹೆಸರೇ ಚಪ್ಪಲಿ ಹೊಲಿಯುವ ಯೊಹಾನನ್.

12ನೇ ಶತಮಾನದ ದೊಡ್ಡ ರಬ್ಬಿ ಮೈಮೊನಿಡೀಸ್ ಕತೆ ಇನ್ನೂ ಚೆನ್ನಾಗಿದೆ. ಅವರ ತಮ್ಮ ಡೇವಿಡ್ ವ್ಯಾಪಾರಕ್ಕೆ ಹಡಗು ಹತ್ತುತ್ತಿದ್ದ, ಅಣ್ಣ ಓದುತ್ತಾ ಕೂರುತ್ತಿದ್ದರು. ತಮ್ಮ ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ. ಅವನ ಜೊತೆ ಅಣ್ಣನ ದುಡ್ಡು, ಬೇರೆಯವರ ದುಡ್ಡು ಎಲ್ಲವೂ ನೀರುಪಾಲಾಯಿತು. ಅಣ್ಣ ಒಂದು ವರ್ಷ ಹಾಸಿಗೆ ಹಿಡಿದರು. ಆಮೇಲೆ ಕೈರೋ ಪಕ್ಕದ ಫುಸ್ತಾತ್‌ನಲ್ಲಿ ವೈದ್ಯರಾಗಿ ದುಡಿದು ಮನೆ ನಡೆಸಿದರು. ದುಡಿಯದೆ, ಧರ್ಮ ಓದುತ್ತೇನೆಂದು ಹೇಳಿ ದಾನದ ಮೇಲೆ ಬದುಕುವವನು ದೇವರ ಹೆಸರಿಗೇ ಮಸಿ ಬಳಿಯುತ್ತಾನೆ ಎಂಬುದು ಅವರ ನಿಲುವು. ಮುಂದಿನವರು ಇದನ್ನು ಪೂರ್ತಿ ಒಪ್ಪಲಿಲ್ಲ ಅನ್ನಿ. ಈಗ ಸಂಬಳದ ರಬ್ಬಿಗಳೇ ಜಾಸ್ತಿ.

ಪ್ರಶ್ನೆ: ವ್ಯಾಪಾರ ಸರಿ. ರಾಜಕೀಯ?

ಉತ್ತರ: ಅದೂ ಹೊಸದಲ್ಲ. ನ್ಯೂಯಾರ್ಕ್‌ನ ರಬ್ಬಿ ಸ್ಟೀಫನ್ ವೈಸ್‌ಗೆ ಒಂದು ಶ್ರೀಮಂತ ಸಿನಗಾಗ್‌ನಿಂದ (ಯಹೂದಿಗಳ ಪ್ರಾರ್ಥನಾ ಮಂದಿರ) ಕರೆ ಬಂದಿತ್ತು. ಪ್ರವಚನದಲ್ಲಿ ಏನು ಹೇಳಬೇಕು ಅನ್ನುವುದು ಆಡಳಿತ ಮಂಡಳಿಯ ಹಿಡಿತದಲ್ಲಿರುತ್ತದೆ ಅಂತ ಗೊತ್ತಾದ ಕೂಡಲೇ ಒಲ್ಲೆ ಎಂದರು. 1907ರಲ್ಲಿ ತಮ್ಮದೇ ‘ಫ್ರೀ ಸಿನಗಾಗ್’ ಕಟ್ಟಿದರು. 1909ರಲ್ಲಿ ಕಪ್ಪುಜನರ ಹಕ್ಕಿಗಾಗಿ ಎನ್‌ಎಎಸಿಪಿ ಎಂಬ ಸಂಘಟನೆ ಹುಟ್ಟಿದಾಗ ಅದರ ಸ್ಥಾಪಕರ ಸಾಲಿನಲ್ಲೂ ಇದ್ದರು.

ಹಾಗಂತ ರಬ್ಬಿಗಳೆಲ್ಲ ಒಂದೇ ದಾರಿ ಹಿಡಿದರು ಅಂದುಕೊಳ್ಳಬೇಡಿ. 1943ರ ಅಕ್ಟೋಬರ್ 6ರಂದು, ಯಹೂದಿಗಳ ಪವಿತ್ರ ಉಪವಾಸದ ದಿನವಾದ ಯೊಮ್ ಕಿಪ್ಪುರ್‌ಗೆ ಮೂರು ದಿನ ಮೊದಲು, ಸುಮಾರು 400 ಸಂಪ್ರದಾಯಸ್ಥ ರಬ್ಬಿಗಳು ವಾಷಿಂಗ್ಟನ್‌ಗೆ ಹೋದರು. ನಾಜಿಗಳ ಕೈಯಿಂದ ಯುರೋಪಿನ ಯಹೂದಿಗಳನ್ನು ಉಳಿಸಿ ಅನ್ನುವುದು ಬೇಡಿಕೆ. ಅಧ್ಯಕ್ಷ ರೂಸ್‌ವೆಲ್ಟ್ ಮುಖ ಕೊಡಲಿಲ್ಲ. ಉಪಾಧ್ಯಕ್ಷ ವಾಲೇಸ್ ಸಂಸತ್ತಿನ ಮೆಟ್ಟಿಲ ಮೇಲೆ ಬಂದು ಮಾತಾಡಿಸಿದರು. ರೂಸ್‌ವೆಲ್ಟ್‌ಗೆ ಹತ್ತಿರದವರಾಗಿದ್ದ ವೈಸ್‌ಗೂ ಆ ಮೆರವಣಿಗೆ ಹಿಡಿಸಲಿಲ್ಲ! 1944ರ ಜನವರಿಯಲ್ಲಿ ಆ ಯಹೂದಿಗಳನ್ನು ಉಳಿಸಲೆಂದೇ ಸರ್ಕಾರದ ಯುದ್ಧ ನಿರಾಶ್ರಿತರ ಮಂಡಳಿ ಬಂತು. ಅದಕ್ಕೆ ಖಜಾನೆ ಇಲಾಖೆಯ ಒಳಗಿನಿಂದಲೂ ಒತ್ತಡ ಇತ್ತು. ಆದರೂ ಆ 400 ಜನ ಹೋಗಿದ್ದು ಸುಮ್ನೆ ಆಗಲಿಲ್ಲ ಅಂತ ನನಗನ್ನಿಸುತ್ತದೆ.

ಪ್ರಶ್ನೆ: ಲಾಭ ಮಾಡುವವರೇ ದಾನದ ದುಡ್ಡನ್ನೂ ನೋಡಿಕೊಂಡರೆ, ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಆಗಲ್ವಾ?

ಉತ್ತರ: ಆಗಬಹುದು. ಜೀವನವೆಲ್ಲ ಲೆಕ್ಕ ತಪಾಸಣೆ ಮಾಡಿದ ನನಗೆ ಮೂರು ಕೆಲಸಗಳಿಗಿಂತ ಅವುಗಳ ಮಧ್ಯೆ ದುಡ್ಡು ಹೇಗೆ ಓಡಾಡುತ್ತದೆ ಅನ್ನುವುದೇ ಮುಖ್ಯ. ಮೈಮೊನಿಡೀಸ್ ದಾನಕ್ಕೆ ಎಂಟು ಮೆಟ್ಟಿಲು ಹೇಳಿದ್ದಾರೆ. ಎಲ್ಲಕ್ಕಿಂತ ಮೇಲಿನದು ಬಿದ್ದವನಿಗೆ ಸಾಲ ಕೊಡುವುದು, ವ್ಯಾಪಾರದಲ್ಲಿ ಪಾಲು ಕೊಡುವುದು ಇಲ್ಲವೇ ಕೆಲಸ ಹುಡುಕಿಕೊಡುವುದು. ವ್ಯಾಪಾರ ಗೊತ್ತಿರುವ ರಬ್ಬಿಗೆ ಇದು ಸುಲಭ. ಆದರೆ ಅದೇ ಕೈಗೆ ದಾನದ ದುಡ್ಡನ್ನು ತನ್ನ ಕಂಪನಿಗೆ ತಿರುಗಿಸುವುದೂ ಸುಲಭ.

ಅಮೆರಿಕದ ಕಾನೂನು ಅಲ್ಲೇ ಗೆರೆ ಎಳೆಯುತ್ತದೆ. ತೆರಿಗೆ ವಿನಾಯಿತಿ ಇರುವ ದತ್ತಿ ಸಂಸ್ಥೆಯ ಲಾಭ ಅದನ್ನು ನಡೆಸುವವರ ಜೇಬಿಗೆ ಹೋಗುವಂತಿಲ್ಲ. 1954ರಿಂದ ಚುನಾವಣೆಯ ಅಭ್ಯರ್ಥಿಯ ಪರ, ವಿರುದ್ಧ ಪ್ರಚಾರಕ್ಕೂ ನಿಷೇಧ. ಕಾನೂನು ಬದಲಿಸಿ ಅಂತ ಕೇಳಬಹುದು, ಆದರೆ ಅದೇ ದೊಡ್ಡ ಕೆಲಸವಾಗಬಾರದು. ರಬ್ಬಿ ತನ್ನ ಸ್ವಂತ ಹೆಸರಿನಲ್ಲಿ ಯಾರನ್ನು ಬೇಕಾದರೂ ಬೆಂಬಲಿಸಲಿ.

ದತ್ತಿ ಸಂಸ್ಥೆಗಳು ತೆರಿಗೆ ಇಲಾಖೆಗೆ ಕೊಡುವ ವಾರ್ಷಿಕ ಲೆಕ್ಕಪತ್ರ ಫಾರಂ 990. ಸಿನಗಾಗ್‌ಗಳು ಅದನ್ನು ಸಲ್ಲಿಸಬೇಕಿಲ್ಲ. ನನ್ನ ಪ್ರಕಾರ ಇದೊಂದು ದೊಡ್ಡ ಸಂದು. ಉಳಿದ ದೊಡ್ಡ ದತ್ತಿ ಸಂಸ್ಥೆಗಳು ಸಲ್ಲಿಸಬೇಕು, ಯಾರು ಬೇಕಾದರೂ ಓದಬಹುದು. ಎಲ್ಲರೂ ಮೊದಲು ಸಂಬಳದ ಪುಟ ತೆಗೆಯುತ್ತಾರೆ. ನೀವು ಆ ಫಾರಂ ಜೊತೆ ಶೆಡ್ಯೂಲ್ ಎಲ್ ಎಂಬ ಲಗತ್ತು ಇದೆಯಾ ನೋಡಿ. ಸಂಸ್ಥೆಯು ತನ್ನದೇ ಮುಖ್ಯಸ್ಥರಿಗೆ ಕೊಟ್ಟ ಸಾಲ, ಅವರ ಮನೆಯವರ ಕಂಪನಿ ಜೊತೆ ನಡೆಸಿದ ದೊಡ್ಡ ವ್ಯವಹಾರಗಳನ್ನು ಬರೆಯಬೇಕಾದ ಜಾಗ ಅದು.