ಕೊಡಗಿನ ಸಣ್ಣ ಶಾಲೆಗೆ ಹಣ ಕೂಡಿಸುವುದು: ಮಳೆ, ಕಾಫಿ, ಆನೆ ಮತ್ತು ರಸೀದಿ ಪುಸ್ತಕ

ಬೆಂಗಳೂರಿನ ಶಾಲೆಗಳ ಹಾಗೆ ಒಂದು ಭಾನುವಾರ ಮೇಳ ಇಟ್ಟರೆ ನಮ್ಮ ಕಡೆಯ ಸಣ್ಣ ಸರ್ಕಾರಿ ಶಾಲೆಗೂ ದುಡ್ಡು ಕೂಡಿಬರುವುದಿಲ್ಲವೇ ಎಂದು ಕೇಳಿದ್ದೀರಿ. ದಿನ ಗೊತ್ತುಮಾಡುವಲ್ಲೇ ಎಡವಿದ್ದೀರಿ. ಗೋಣಿಕೊಪ್ಪದ ಸುತ್ತ ಭಾನುವಾರ ಎಂದರೆ ಸಂತೆ. ವಾರದ ಬಟವಾಡೆ ಕೈಗೆ ಬಂದಿರುತ್ತದೆ, ತೋಟದ ಕೆಲಸಗಾರರು ಅಕ್ಕಿ, ಒಣಮೀನು, ಮಕ್ಕಳ ಚಪ್ಪಲಿ ತರಲು ಹೊರಟಿರುತ್ತಾರೆ. ಅವತ್ತು ಶಾಲೆಯಲ್ಲಿ ಶಾಮಿಯಾನ ಹಾಕಿದರೆ ಅದರ ಕೆಳಗೆ ಕೂರುವವರು ಅತಿಥಿಗಳು ಮಾತ್ರ. ಮಡಿಕೇರಿಯ ಸಂತೆ ಶುಕ್ರವಾರ. ಶನಿವಾರಸಂತೆಯದ್ದು ಹೆಸರಿನಲ್ಲೇ ಇದೆ. ಊರಿಗೆ ಹತ್ತಿರದ ಸಂತೆ ಯಾವ ವಾರ ಎಂದು ಮೊದಲು ಕೇಳಿಕೊಳ್ಳಿ, ಉಳಿದದ್ದು ಆಮೇಲೆ.

ಇನ್ನೊಂದು ಸಂಗತಿ ಹೊರಗಿನವರಿಗೆ ಬೇಗ ಕಾಣುವುದಿಲ್ಲ. ಒಂದರಿಂದ ಐದರವರೆಗಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಇವತ್ತು ಕೂತಿರುವ ಮಕ್ಕಳಲ್ಲಿ ಹೆಚ್ಚಿನವರು ತೋಟದ ಕೆಲಸಗಾರರ ಲೈನ್ ಮನೆಗಳಿಂದ, ಬುಡಕಟ್ಟಿನವರ ಹಾಡಿಗಳಿಂದ, ಪೈಸಾರಿ (ಸರ್ಕಾರಿ) ಜಾಗದ ಮನೆಗಳಿಂದ ಬಂದವರು. ಅದೇ ಶಾಲೆಗೆ ಜಾಗ ಬಿಟ್ಟುಕೊಟ್ಟ, ಅಲ್ಲೇ ಅಕ್ಷರ ಕಲಿತ ತೋಟದ ಮನೆತನಗಳ ಮೊಮ್ಮಕ್ಕಳು ಹಳದಿ ಬಸ್ಸು ಹತ್ತಿ ಪೇಟೆಯ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಅಂದರೆ ಹಣ ಕೊಡಬಲ್ಲವರ ಮಕ್ಕಳು ಇಲ್ಲಿ ಓದುತ್ತಿಲ್ಲ, ಓದುವ ಮಕ್ಕಳ ಮನೆಯಲ್ಲಿ ಕೊಡಲು ಹಣವಿಲ್ಲ. ಊರಿನ ಯಾವ ಕಾರ್ಯಕ್ರಮವಾದರೂ ಈ ಎರಡು ಗುಂಪನ್ನು ಒಂದೇ ಅಂಗಳಕ್ಕೆ ತರುವ ಉಪಾಯವೇ. ಹಳೆ ವಿದ್ಯಾರ್ಥಿ ಸಂಘ ಇಲ್ಲದ ಶಾಲೆಯಲ್ಲಿ ಇದು ನಡೆಯುವುದು ಕಷ್ಟ. ಹಾಜರಿ ಪುಸ್ತಕದ ಹಳೆಯ ಹೆಸರುಗಳನ್ನು ಬರೆದುಕೊಂಡು ಮನೆಮನೆಗೆ ಹೋಗಿ ಸಂಘ ಕಟ್ಟುವುದು ಮೊದಲ ಕೆಲಸ.

ಮಕ್ಕಳ ಮನೆಯವರಿಂದ ಕಡ್ಡಾಯವಾಗಿ ವಸೂಲಿ ಮಾಡುವ ಮಾತು ಬೇಡವೇ ಬೇಡ. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಅದಕ್ಕೆ ಜಾಗವಿಲ್ಲ. 2022ರ ಅಕ್ಟೋಬರಿನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂದು ಶಿಕ್ಷಣ ಇಲಾಖೆ ಹೊರಡಿಸಿದ ಸುತ್ತೋಲೆಯನ್ನೇ ಗಲಾಟೆಯಾಗಿ ಹಿಂದಕ್ಕೆ ಪಡೆಯಬೇಕಾಯಿತು. ಅದರಲ್ಲಿ ಸ್ವಇಚ್ಛೆಯ ದೇಣಿಗೆ ಎಂದೇ ಇತ್ತು. ಆದರೆ ಮೇಷ್ಟ್ರು ಮಗುವಿನ ಕೈಯಲ್ಲಿ ಚೀಟಿ ಕಳಿಸಿದರೆ ತಾಯಿ ಅದನ್ನು ಸ್ವಇಚ್ಛೆ ಎಂದು ಓದುವುದಿಲ್ಲ.

ಸರ್ಕಾರದಿಂದ ಬರುವುದಿಲ್ಲವೇ ಎಂದರೆ, ಬರುತ್ತದೆ. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಂತೆ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂ. ಅನುದಾನ, 31ರಿಂದ 100ರವರೆಗೆ 25,000. ಇದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ ಹೋಗಬೇಕು. ನಮ್ಮ ಸಣ್ಣ ಶಾಲೆಗಳು ಈ ಮೂವತ್ತರ ಗೆರೆಯ ಆಚೀಚೆಯೇ ಓಲಾಡುತ್ತವೆ. ಒಂದು ತೋಟದ ಎರಡು ಕುಟುಂಬ ಬೇರೆ ತೋಟಕ್ಕೆ ಕೆಲಸಕ್ಕೆ ಹೋದರೆ 15,000 ರೂಪಾಯಿ ಹೋಯಿತು. ಹತ್ತು ಸಾವಿರದಲ್ಲಿ ಸೀಮೆಸುಣ್ಣ, ರಿಜಿಸ್ಟರು, ಫಿನಾಯಿಲು, ಒಡೆದ ನಲ್ಲಿ ಎಲ್ಲ ಆಗಬೇಕು. ಹೆಂಚಿನ ಮಾಡಿನ (ಛಾವಣಿಯ) ಕೆಲಸ ಆಗುವುದಿಲ್ಲ.

ಊರವರು ಹಣ ಕೂಡಿಸುವುದು ಹೆಚ್ಚಾಗಿ ಈ ಮಾಡಿಗೇ. ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 15 ಬೇಕು. ಇಪ್ಪತ್ತಡಿಗೆ ಇಪ್ಪತ್ತಡಿಯ ಒಂದು ಕೋಣೆ, ಇಳಿಜಾರು ಮತ್ತು ಚಾಚು ಸೇರಿ 50 ಚದರ ಮೀಟರ್ ಆಗುತ್ತದೆ ಎಂದಿಟ್ಟುಕೊಂಡರೆ 750 ಹೆಂಚು. ಒಡೆಯುವುದಕ್ಕೆಂದು 50 ಹೆಚ್ಚು ತರಿಸಬೇಕು. ಮಂಗ ಓಡಾಡಿ ಸರಿಸಿದ ಒಂದು ಹೆಂಚನ್ನು ಮೇ ತಿಂಗಳಲ್ಲಿ ಯಾರೂ ನೋಡದಿದ್ದರೆ ಆಗಸ್ಟಿನ ಹೊತ್ತಿಗೆ ಕೆಳಗಿನ ರೀಪು (ಮರದ ಪಟ್ಟಿ) ಕೊಳೆತಿರುತ್ತದೆ. ಮುಂದಿನ ವರ್ಷ ಹೆಂಚಿನ ಜತೆ ಮರದ ಲೆಕ್ಕವೂ ಬರುತ್ತದೆ. ಆದ್ದರಿಂದ ಹಣ ಏಪ್ರಿಲ್ ಒಳಗೆ ಕೈಯಲ್ಲಿರಬೇಕು, ಬಡಗಿ ಮೇ ಎರಡನೇ ವಾರದೊಳಗೆ ಮಾಡು ಹತ್ತಿರಬೇಕು. ಹೊಸ ಕೋಣೆಯನ್ನೇ ಕಟ್ಟುವ ಆಸೆಯಿದ್ದರೆ ಮೊದಲು ಪಹಣಿ ತೆಗೆಸಿ ನೋಡಿ. ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಜಾಗ, ಪೈಸಾರಿಯಲ್ಲಿ ಎದ್ದ ಕಟ್ಟಡ ನಮ್ಮಲ್ಲಿ ಹೊಸದಲ್ಲ. ಶಾಲೆಯ ಹೆಸರಿಗೆ ದಾಖಲೆ ಇಲ್ಲದ ನೆಲದ ಮೇಲೆ ದಾನಿಗಳ ಹಣ ಹಾಕಿಸಿದರೆ ಮುಂದೆ ಜಗಳಕ್ಕೆ ತಳಪಾಯ ಹಾಕಿದಂತೆ.

ಇನ್ನು ದಿನ ಹಿಡಿಯುವ ಲೆಕ್ಕ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಜೋರಾದ ದಿನ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ, ಆ ಪಾಠ ಆಮೇಲೆ ಶನಿವಾರಗಳಲ್ಲಿ ನಡೆಯಬೇಕು. ಸೆಪ್ಟೆಂಬರ್ 3 ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್. ಅಕ್ಟೋಬರಿನಲ್ಲಿ ದಸರಾ ರಜೆ, ಕಾವೇರಿ ಸಂಕ್ರಮಣ. ಹುಣ್ಣಿಮೆ ನೋಡಿಕೊಂಡು ನವೆಂಬರ್ ಅಥವಾ ಡಿಸೆಂಬರಿನಲ್ಲಿ ಹೊಸ ಅಕ್ಕಿಯ ಹಬ್ಬ ಪುತ್ತರಿ, ಹಿಂದೆಯೇ ಗದ್ದೆ ಕೊಯ್ಲು. ಸೋಮವಾರಪೇಟೆ ಕಡೆಯ ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ವಿರಾಜಪೇಟೆ, ಪೊನ್ನಂಪೇಟೆ, ಸಿದ್ದಾಪುರ ಕಡೆಯ ರೊಬಸ್ಟಾ ಜನವರಿಯಿಂದ ಮಾರ್ಚ್. ಕೊಯ್ಲಿನ ಕಾಲದಲ್ಲಿ ಅಪ್ಪ ಅಮ್ಮ ಇಬ್ಬರೂ ತೋಟದಲ್ಲಿ, ದೊಡ್ಡ ಮಗು ಮನೆಯಲ್ಲಿ ಚಿಕ್ಕದನ್ನು ನೋಡಿಕೊಳ್ಳುತ್ತಿರುತ್ತದೆ. ಏಪ್ರಿಲ್, ಮೇ ರಜೆಯಲ್ಲಿ ಮದುವೆಗಳು ಮತ್ತು ಕೊಡವ ಕುಟುಂಬಗಳ ಹಾಕಿ ಹಬ್ಬ. ಊರ ದೇವಸ್ಥಾನದ ಹಬ್ಬಕ್ಕೆ ಕಟ್ಟು ಬಿದ್ದ ಮೇಲೆ ಊರಿನಲ್ಲಿ ಬೇರೆ ಸಂಭ್ರಮ ಮಾಡುವ ಹಾಗಿಲ್ಲ. ಕಟ್ಟು ಯಾವತ್ತು ಬೀಳುತ್ತದೆ ಎಂದು ದೇವಸ್ಥಾನದ ಮುಖ್ಯಸ್ಥರಾದ ದೇವತಕ್ಕರನ್ನು ಕೇಳದೆ ಕರಪತ್ರ ಅಚ್ಚು ಹಾಕಿಸಬೇಡಿ. ಇಷ್ಟೆಲ್ಲ ಕಳೆದು ಉಳಿಯುವುದು ದಕ್ಷಿಣದ ರೊಬಸ್ಟಾ ಊರುಗಳಿಗೆ ಡಿಸೆಂಬರಿನ ಮೊದಲರ್ಧ, ಉತ್ತರದ ಅರೇಬಿಕಾ ಕಡೆಯವರಿಗೆ ಫೆಬ್ರವರಿ. ಇಷ್ಟಾಗಿಯೂ ಒಂದು ತೊಡಕಿದೆ: ಬೆಳೆಗಾರರ ಕೈಗೆ ಹಣ ಬರುವುದು ಕಾಫಿ ಮಾರಿದ ಮೇಲೆ, ಸಾಮಾನ್ಯವಾಗಿ ಮಾರ್ಚ್, ಏಪ್ರಿಲಿನಲ್ಲಿ. ಡಿಸೆಂಬರಿನ ವೇದಿಕೆಯಲ್ಲಿ ಮೈಕಿನಲ್ಲಿ ಘೋಷಿಸಿದ ಐದು ಸಾವಿರ ಮಾರ್ಚ್ ಹೊತ್ತಿಗೆ ಇಬ್ಬರಿಗೂ ಮರೆತಿರುತ್ತದೆ. ಅದಕ್ಕೇ ಮೊತ್ತ ಕೇಳಬಾರದು, ವಸ್ತು ಕೇಳಬೇಕು. ‘ಒಂದನೇ ಕೋಣೆಗೆ ಇನ್ನೂರು ಹೆಂಚು, ಏಪ್ರಿಲ್ ಹದಿನೈದರೊಳಗೆ ಶಾಲೆಗೆ ಇಳಿಸಿ’ ಎಂದರೆ ಹೆಂಚು ಬಂದೇ ಬರುತ್ತದೆ.

ಕಾರ್ಯಕ್ರಮಗಳಲ್ಲಿ ನಮ್ಮ ನೆಲಕ್ಕೆ ಚೆನ್ನಾಗಿ ಒಗ್ಗಿದ್ದು ಕೆಸರುಗದ್ದೆ ಕ್ರೀಡಾಕೂಟ. ಮಳೆಗಾಲಕ್ಕೆ ಹೆದರದ ಆಟ ಇದೊಂದೇ. ಗದ್ದೆಯ ಕೊನೆಯ ದೊಡ್ಡ ಮಡಿ ನೆಟ್ಟು ಮುಗಿಸಿದ ದಿನ ಅದರಲ್ಲೇ ನಾಟಿ ಓಟ ಓಡಿ, ಗೆದ್ದವನಿಗೆ ಬಾಳೆಗೊನೆ, ತೆಂಗಿನಕಾಯಿ, ವೀಳ್ಯದೆಲೆ ಕೊಡುವ ವಾಡಿಕೆ ಹಿಂದಿನಿಂದ ಬಂದದ್ದು. ಈಗಿನ ಕ್ರೀಡಾಕೂಟ ಅದರ ತಮ್ಮನ ಹಾಗೆ. ನಾಟಿಗೆ ಮುಂಚೆ ಟಿಲ್ಲರ್ ಹೊಡೆದ ಎರಡು ಮಡಿ ಗದ್ದೆ, ಗದ್ದೆಯವರ ಒಪ್ಪಿಗೆ, ಒಂದು ಹಗ್ಗ, ಕೈಕಾಲು ತೊಳೆಯಲು ತೋಡು ಅಥವಾ ಪೈಪಿನ ನೀರು ಇದ್ದರೆ ಸಾಕು. ಹಿಂದಿನ ದಿನ ಹತ್ತು ಜನ ಬರಿಗಾಲಲ್ಲಿ ಸಾಲಾಗಿ ಗದ್ದೆ ತುಳಿದು ಕಲ್ಲು, ಬಾಟಲಿ ಚೂರು ಹೆಕ್ಕಬೇಕು. ಈ ಕೆಲಸ ಬಿಟ್ಟ ಕಡೆಯಲ್ಲೇ ಕಾಲು ಸೀಳುವುದು. ಸಣ್ಣ ಮಕ್ಕಳಿಗೆ ಕೆಸರು ಮೊಣಕಾಲು ದಾಟಬಾರದು, ಓಟ 30 ಮೀಟರ್ ಮೀರಬಾರದು. ಜಿಗಣೆಗೆ ಉಪ್ಪು, ಸುಣ್ಣ ಇಟ್ಟಿರಿ.

ಹಣ ತರುವುದು ದೊಡ್ಡವರ ಹಗ್ಗಜಗ್ಗಾಟ. ತಂಡಕ್ಕೆ ಎಂಟು ಜನ. ಅಂತರರಾಷ್ಟ್ರೀಯ ನಿಯಮದ ಹಗ್ಗ ಸುತ್ತಳತೆಯಲ್ಲಿ 10ರಿಂದ 12.5 ಸೆಂ.ಮೀ., ಉದ್ದ ಕನಿಷ್ಠ 33.5 ಮೀಟರ್. ನಮ್ಮಲ್ಲಿ ಲಾರಿಗೆ ಕಟ್ಟುವ ನೈಲಾನ್ ಹಗ್ಗ ತಂದು ಬಿಡುತ್ತಾರೆ. ಅದು ರಬ್ಬರಿನಂತೆ ಹಿಗ್ಗಿ, ತುಂಡಾದರೆ ಚಾಟಿಯ ಹಾಗೆ ಹಿಂದಕ್ಕೆ ಹೊಡೆಯುತ್ತದೆ, ಒದ್ದೆ ಕೈಯ ಚರ್ಮ ಸುಲಿಯುತ್ತದೆ. ತೆಂಗಿನನಾರಿನ ದಪ್ಪ ಹಗ್ಗವನ್ನೇ ಬಾಡಿಗೆಗೆ ತನ್ನಿ, ಕೈಗೆ ಸುತ್ತಿಕೊಳ್ಳಲು ಯಾರನ್ನೂ ಬಿಡಬೇಡಿ. ತಂಡಕ್ಕೆ 500 ರೂ.ನಂತೆ 16 ತಂಡ ಬಂದರೆ 8,000. ಬಹುಮಾನ ನಗದಾಗಿ ಇಟ್ಟಿರೋ, ಅರ್ಧ ಅಲ್ಲೇ ಹೋಯಿತು. ಬಾಳೆಗೊನೆಯೇ ಇರಲಿ, ಗೆದ್ದವರು ಅದನ್ನು ಹೆಗಲ ಮೇಲೆ ಹೊತ್ತು ಮೆರೆಯುವ ಸುಖ ಕವರಿನಲ್ಲಿ ಸಿಗುವುದಿಲ್ಲ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಕೊಡಗಿನಲ್ಲಿ ಜನ ಸೇರಿಸುತ್ತದೆ ನಿಜ, ಶಾಲೆಯ ಹೆಸರಿನಲ್ಲಿ ಅದು ಬೇಡ.

ಮಕ್ಕಳ ಸಂತೆಯಲ್ಲಿ ಹಣ ಕಡಿಮೆ, ಲಾಭ ಬೇರೆ ಬಗೆಯದು. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಶಾಲೆಯ ಜಗಲಿಯಲ್ಲೇ ಗೋಣಿ ಹಾಸಿ ಮಕ್ಕಳು ಚಕ್ಕೋತ, ಕಿತ್ತಳೆ, ಬಾಳೆಕಾಯಿ, ಕೆಸದ ಸೊಪ್ಪು, ಗಾಂಧಾರಿ ಮೆಣಸು, ಬೆಣ್ಣೆಹಣ್ಣು ಮಾರುತ್ತಾರೆ. ತಕ್ಕಡಿ ಹಿಡಿಯುವುದು, ಚಿಲ್ಲರೆ ಎಣಿಸುವುದು ಗಣಿತದ ಪಾಠವೇ. ಕೆಡುವುದು ಎರಡು ಕಡೆ. ಮೊದಲನೆಯದು ಚಿಲ್ಲರೆ: ಎಲ್ಲರೂ ಐನೂರರ ನೋಟು ತರುತ್ತಾರೆ, ಮೊದಲ ಅರ್ಧ ಗಂಟೆಗೇ ವ್ಯಾಪಾರ ನಿಲ್ಲುತ್ತದೆ. ಹಿಂದಿನ ದಿನವೇ ಬ್ಯಾಂಕಿನಿಂದ 2,000 ರೂಪಾಯಿಯಷ್ಟು ಹತ್ತು, ಐದರ ನಾಣ್ಯ ತಂದು ಒಂದು ಮೇಜಿನಲ್ಲಿ ಇಡಿ. ಎರಡನೆಯದು ನಾಜೂಕಿನ ವಿಷಯ. ಮನೆಗೆ ಸ್ವಂತ ಹಿತ್ತಲೇ ಇಲ್ಲದ ಲೈನ್ ಮನೆಯ ಮಗು ಏನು ತರಬೇಕು? ಅದಕ್ಕೆ ಶಾಲೆಯ ಕೈತೋಟದ ಸೊಪ್ಪು, ಬದನೆ ಅಂಥ ಮಕ್ಕಳ ಪಾಲಿಗೆ ಮೀಸಲು. ಜತೆಗೆ ಒಂದು ಕಟ್ಟುನಿಟ್ಟಿನ ನಿಯಮ: ಕಾಫಿ, ಕರಿಮೆಣಸು ಸಂತೆಗೆ ಬರಬಾರದು. ತೋಟದಲ್ಲಿ ಮೆಣಸಿನ ಕಳ್ಳತನ ನಡೆಯುವ ಕಾಲದಲ್ಲಿ, ‘ಇದು ಎಲ್ಲಿಂದ ತಂದೆ’ ಎಂದು ಎಂಟು ವರ್ಷದ ಮಗುವನ್ನು ಊರೆದುರು ಕೇಳುವ ಸಂದರ್ಭ ಯಾರಿಗೂ ಬೇಡ.

ವಾರ್ಷಿಕೋತ್ಸವ ಹಿಂದೆ ರಾತ್ರಿ ನಡೆಯುತ್ತಿತ್ತು. ಈಗ ಆನೆ ಓಡಾಡುವ ಊರುಗಳಲ್ಲಿ ಮಧ್ಯಾಹ್ನ ಒಂದಕ್ಕೆ ಶುರುಮಾಡಿ ನಾಲ್ಕೂವರೆಗೆ ಮುಗಿಸುತ್ತಾರೆ. ತಿತಿಮತಿ, ಸಿದ್ದಾಪುರ, ಬಾಳೆಲೆ ಕಡೆ ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಮಕ್ಕಳನ್ನು ನಡೆಸಿಕೊಂಡು ಹೋಗುವುದು ಆಗದ ಮಾತು. ಹೊರಡುವ ಹೊತ್ತಿಗೆ ಎರಡು ಪಿಕಪ್ ಜೀಪು ಗೊತ್ತುಮಾಡಿ, ಅದರ ಡೀಸೆಲ್ ಖರ್ಚನ್ನು ಬಜೆಟ್ಟಿನ ಮೊದಲ ಸಾಲಿನಲ್ಲೇ ಬರೆಯಿರಿ. ಸಮಯವನ್ನು ತಿನ್ನುವುದು ಭಾಷಣ, ಹಣವನ್ನು ತಿನ್ನುವುದು ಸನ್ಮಾನ. ಶಾಲು, ಹಾರ, ಸ್ಮರಣಿಕೆ ಸೇರಿ ಒಬ್ಬರಿಗೆ 400 ಎಂದರೂ ಹದಿನೈದು ಅತಿಥಿಗಳಿಗೆ 6,000 ರೂಪಾಯಿ, ಅಂದರೆ ಹಗ್ಗಜಗ್ಗಾಟದ ಮುಕ್ಕಾಲು ಪಾಲು. ಯರವ ಬುಡಕಟ್ಟಿನ ಮಕ್ಕಳ ಕುಣಿತ, ಕೊಡವ ಹೆಣ್ಣುಮಕ್ಕಳ ಉಮ್ಮತ್ತಾಟ್, ಕೋಲಾಟ ಕೊನೆಗೆ ಸರಿದು ನೋಡುವವರೇ ಇಲ್ಲದಂತಾಗುವುದು ಈ ಶಾಲುಗಳಿಂದಲೇ.

ತಿಂಡಿ ಅಂಗಡಿಗೆ ಬಿಸಿಯೂಟದ ಪಾತ್ರೆ, ಗ್ಯಾಸು, ಅಕ್ಕಿ ಮುಟ್ಟಬಾರದು. ಅದರ ಲೆಕ್ಕ ಬೇರೆ, ದಾಸ್ತಾನು ಪುಸ್ತಕದಲ್ಲಿ ಒಂದು ಕಿಲೋ ವ್ಯತ್ಯಾಸ ಬಂದರೂ ಮುಖ್ಯ ಶಿಕ್ಷಕರ ತಲೆಗೆ. ಪಂದಿಕರಿ (ಹಂದಿಮಾಂಸದ ಸಾರು) ಇಟ್ಟರೆ ಜನ ಮುಗಿಬೀಳುತ್ತಾರೆ, ಆದರೆ ಮಾಪಿಳ್ಳೆ ಮುಸ್ಲಿಮರ ಮನೆಗಳ ಮಕ್ಕಳೂ ಅದೇ ಜಗಲಿಯಲ್ಲಿ ಉಣ್ಣುವವರು. ಶಾಲೆಯೊಳಗೆ ನೂಪುಟ್ಟು (ಅಕ್ಕಿ ಶಾವಿಗೆ), ಪಾಪುಟ್ಟು (ಅಕ್ಕಿತರಿಯ ಹಬೆಕಡುಬು), ಕಡಲೆ ಸಾರು, ಕಾಯಿಹಾಲು ಸಾಕು. ಕಣಿಲೆ (ಎಳೆ ಬಿದಿರು) ಪಲ್ಯ ಮಾಡುವುದಾದರೆ ಹೆಚ್ಚಿದ ಕಣಿಲೆಯನ್ನು ದಿನಾ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಬೇಯಿಸಿದ ನೀರು ಚೆಲ್ಲಿರಬೇಕು. ಅವಸರದ ಕಣಿಲೆ ಹೊಟ್ಟೆ ಕೆಡಿಸುತ್ತದೆ.

ಬಾಳೆಗೊನೆ ಹರಾಜು ಇಡಬಹುದು. ಎರಡು ಮನೆತನ ಹಟಕ್ಕೆ ಬಿದ್ದರೆ ಮುನ್ನೂರರ ಗೊನೆ ಮೂರು ಸಾವಿರಕ್ಕೆ ಏರುತ್ತದೆ. ದುಡ್ಡು ಅಲ್ಲೇ ಎಣಿಸಿದರೆ ಮಾತ್ರ ಕೂಗು ಮಾನ್ಯ ಎಂದು ಮೊದಲೇ ಹೇಳಿ. ಲಕ್ಕಿ ಡಿಪ್ ಕೂಪನ್ ಬೇಡ. ರಾಜ್ಯದಲ್ಲಿ ಲಾಟರಿ 2007ರಲ್ಲೇ ನಿಂತಿದೆ, ಸರ್ಕಾರಿ ಶಾಲೆಯ ಮೊಹರು ಹಾಕಿದ ಟಿಕೆಟ್ಟು ಯಾರ ಕೈಗಾದರೂ ಸಿಕ್ಕರೆ ಉತ್ತರ ಕೊಡುವುದು ಕಷ್ಟ.

ಕುಟ್ಟ, ಮಾಕುಟ್ಟ, ಕರಿಕೆಯಂಥ ಗಡಿಯೂರುಗಳ ಮಕ್ಕಳು ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ಮಲಯಾಳಂ. ಒಳನಾಡಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ, ತಮಿಳು, ಈಚೆಗೆ ಅಸ್ಸಾಮಿನಿಂದ ಬಂದವರ ಮಕ್ಕಳೂ ಇದ್ದಾರೆ. ಕರಪತ್ರ ಕನ್ನಡದಲ್ಲಿರಲಿ, ಆದರೆ ಲೈನ್ ಮನೆಗೆ ಕರಪತ್ರ ಮುಟ್ಟಿದರೂ ಓದಿ ಹೇಳುವವರು ಬೇಕು. ಸಾಯಂಕಾಲ ಕೆಲಸ ಬಿಟ್ಟ ಮೇಲೆ ಅವರ ಭಾಷೆ ಬಲ್ಲ ಒಬ್ಬ ತಾಯಿ ಹೋಗಿ ಕರೆದರೆ ಬರುತ್ತಾರೆ.

ಕೊನೆಗೆ ಲೆಕ್ಕ. ಹಣ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಜಂಟಿ ಖಾತೆಗೇ ಹೋಗಬೇಕು, ಅಧ್ಯಕ್ಷರು ಮತ್ತು ಮುಖ್ಯ ಶಿಕ್ಷಕರ ಸಹಿಯೊಂದಿಗೆ. ಸಮಿತಿ ನಿರ್ಣಯ ಮೊದಲು, ಕ್ರಮಸಂಖ್ಯೆ ಇರುವ ಜೋಡಿ ಹಾಳೆಯ ರಸೀದಿ ಪುಸ್ತಕ ಆಮೇಲೆ, ವಸೂಲಿ ಅದಾದ ಮೇಲೆ. ಯಾರಿಗೆ ಯಾವ ನಂಬರಿನ ಪುಸ್ತಕ ಕೊಟ್ಟಿದ್ದೀರಿ ಎಂದು ಬರೆದಿಟ್ಟು, ಖಾಲಿ ಹಾಳೆಗಳ ಸಮೇತ ವಾಪಸು ಪಡೆಯಿರಿ. ಹದಿನೈದು ದಿನದೊಳಗೆ ಜಮಾ, ಖರ್ಚು ಬರೆದು ಶಾಲೆಯ ಗೋಡೆಗೂ ಹತ್ತಿರದ ಅಂಗಡಿಯ ಬಾಗಿಲಿಗೂ ಅಂಟಿಸಿ. ಜನ ಓದುವುದು ಅಂಗಡಿಯ ಬಾಗಿಲನ್ನೇ. ಹಿರಿಯರ ನೆನಪಿಗೆ ದತ್ತಿನಿಧಿ ಇಡುತ್ತೇವೆ ಎನ್ನುವವರಿಗೆ ಹತ್ತು ಸಾವಿರಕ್ಕಿಂತ ಕಡಿಮೆ ಬೇಡ ಎನ್ನಿ. ಶೇ. 6ರ ಬಡ್ಡಿಗೆ ವರ್ಷಕ್ಕೆ 600 ರೂಪಾಯಿ, ಎರಡು ಮಕ್ಕಳಿಗೆ ನೋಟ್‌ಪುಸ್ತಕ, ಕೊಡೆ ಬರುತ್ತದೆ. ಎರಡು ಸಾವಿರದ ದತ್ತಿಯ ಬಡ್ಡಿ ಬ್ಯಾಂಕಿಗೆ ಹೋಗಿಬರುವ ಬಸ್ಸಿಗೇ ಸರಿ. ಅಧ್ಯಕ್ಷರು ಬದಲಾದ ವಾರವೇ ನಿರ್ಣಯದ ನಕಲು ಕೊಟ್ಟು ಸಹಿ ಬದಲಿಸಿ. ಎರಡು ವರ್ಷ ಯಾರೂ ವ್ಯವಹಾರ ಮಾಡದ ಖಾತೆ ನಿಷ್ಕ್ರಿಯವಾಗುತ್ತದೆ, ಹತ್ತು ವರ್ಷ ಕಳೆದರೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಅಲ್ಲಿಂದ ವಾಪಸು ಕೇಳಿ ಪಡೆಯಲು ಸಾಧ್ಯವಿದೆ, ಆದರೆ ಅಷ್ಟರಲ್ಲಿ ಹಳೆಯ ಅಧ್ಯಕ್ಷರ ಸಹಿ, ಹಳೆಯ ಪಾಸ್‌ಪುಸ್ತಕ ಎರಡನ್ನೂ ಹುಡುಕಬೇಕಾಗುತ್ತದೆ.